ಏಳು ಜನ ಆರೋಗ್ಯವಂತರಿಗಾಗಿ ಒಂದು ಪ್ರಾರ್ಥನೆ

ಮೂರು ವಾರದ ಹಿಂದೆ ನಮ್ಮ ಚರ್ಚಿನಲ್ಲಿ ಇಡೀ ಸಭೆ ಕಣ್ಣು ಮುಚ್ಚಿ, ಏಳು ಜನ ಗಟ್ಟಿಮುಟ್ಟಾದ ಮನುಷ್ಯರ ಕಾಯಿಲೆ ವಾಸಿಯಾಗಲಿ ಅಂತ ಪ್ರಾರ್ಥನೆ ಮಾಡಿತು. ಏಳು ಜನದಲ್ಲಿ ಒಬ್ಬರಿಗೂ ನೆಗಡಿ ಕೂಡ ಇರಲಿಲ್ಲ.

ತಪ್ಪು ನನ್ನದು. ನಿಮ್ಮ ಹತ್ತಿರ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. (ಅಯ್ಯನವರ ಹತ್ತಿರ ಒಪ್ಪಿಕೊಳ್ಳಲು ಮಾತ್ರ ಒಂದು ವಾರ ಬೇಕಾಯಿತು. ಅಯ್ಯನವರು ಅಂದರೆ ನಮ್ಮ ಸಭಾಪಾಲಕರು.)

ವಿಷಯ ಇಷ್ಟು. ತುಮಕೂರಿನ ನಮ್ಮ ಚರ್ಚಿನಲ್ಲಿ ಒಂದು ಲೈಬ್ರರಿ ಇದೆ. ಲೈಬ್ರರಿ ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಬಾಗಿಲ ಪಕ್ಕ ಒಂದು ಕಬ್ಬಿಣದ ಬೀರು, ಅದರಲ್ಲಿ ನಾಲ್ಕು ಸಾಲು ಪುಸ್ತಕ, ಒಂದು ರಿಜಿಸ್ಟರು. ಭಕ್ತರ ಜೀವನ ಚರಿತ್ರೆ, ಬೈಬಲ್ ಕಥೆಗಳು, ಧ್ಯಾನದ ಪುಸ್ತಕಗಳು. ಬೀಗದ ಕೈ ನನ್ನ ಬ್ಯಾಗಿನಲ್ಲಿ. ನಮ್ಮ ಜನ ಮೊಬೈಲ್ ಬಿಟ್ಟು ಒಂದೆರಡು ಒಳ್ಳೆಯ ಪುಸ್ತಕ ಓದಲಿ ಅನ್ನೋದು ನನ್ನ ಆಸೆ. ಆ ಆಸೆಯನ್ನು ಕಮಿಟಿ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿದೆ. ಹೇಳಿದವರ ತಲೆಗೇ ಕಟ್ಟುವುದು ಎಲ್ಲ ಕಮಿಟಿಗಳ ಪದ್ಧತಿ.

ಈ ಬೀರುವಿನ ಮೇಲೆ ಕಣ್ಣು ಹಾಕಿದವರು ನಮ್ಮ ಸೆಕ್ರೆಟರಿ ಡೇವಿಡ್ ಸರ್. ನಿವೃತ್ತ ಪಿ.ಟಿ. ಮಾಸ್ತರು. ದಿನಾ ಬೆಳಗ್ಗೆ ಶಿರಾ ಗೇಟ್‌ವರೆಗೆ ಬಿರಬಿರನೆ ನಡೆದು ಬರುವ ಆಸಾಮಿ. ಅವರಿಗೆ ಬೀರು ಬೇಕಾಗಿದ್ದು ಪ್ರೀತಿಭೋಜನದ ಸ್ಟೀಲ್ ತಟ್ಟೆಗಳಿಗೆ.

"ನೋಡಮ್ಮಾ, ತಟ್ಟೆ ಹೊರಗೆ ಹೋಗ್ತದೆ, ಊಟ ಆಗ್ತದೆ, ತೊಳ್ಕೊಂಡು ವಾಪಸ್ ಬರ್ತದೆ. ನಿನ್ ಪುಸ್ತಕ ಹಂಗೆ ಬರ್ತಾವಾ? ಕ್ರಿಸ್‌ಮಸ್ ಕ್ಲೀನಿಂಗ್ ಹೊತ್ಗೆ ಬೀರು ತುಂಬಿದ್ರೆ ಲೈಬ್ರರಿ ಇರ್ಲಿ. ಇಲ್ದಿದ್ರೆ ಖಾಲಿ ಮಾಡ್ಕೊಡು" ಅಂದರು.

ಕಮಿಟಿ ತಲೆಯಾಡಿಸಿತು. ನನಗೆ ಮೈ ಉರಿದುಹೋಯಿತು. ಯಾಕೆ ಗೊತ್ತಾ? ರಿಜಿಸ್ಟರಿನಲ್ಲಿ ಪುಸ್ತಕ ಹಿಂದಿರುಗಿಸದವರು ಏಳು ಜನ. ಅದರಲ್ಲಿ ಒಬ್ಬರು ಡೇವಿಡ್ ಸರ್! ಐದು ತಿಂಗಳಿಂದ!

ಆ ಭಾನುವಾರ ಒಂದು ಚೀಟಿಯಲ್ಲಿ ಏಳೂ ಜನರ ಹೆಸರು, ಮುಂದೆ ಎಷ್ಟು ತಿಂಗಳು ಅನ್ನೋದನ್ನು ಬರೆದೆ. ಮೊದಲನೇ ಹೆಸರು ಡೇವಿಡ್ ಸರ್‌ದು, ಬೇಕಂತಲೇ. ಹೆಡಿಂಗ್ ಹಾಕಲಿಲ್ಲ. 'ಪುಸ್ತಕ ಕೊಡದವರು' ಅಂತ ಕಪ್ಪು ಮಸಿಯಲ್ಲಿ ಬರೆಯುವುದು ಮರ್ಯಾದೆಯಲ್ಲ ಅನಿಸಿತು. (ಜೋರಾಗಿ ಓದಿಸುವುದು ಮರ್ಯಾದೆ ಅನಿಸಿತ್ತು!) ಬಿಳಿ ನಿಲುವಂಗಿ ತೊಡುತ್ತಿದ್ದ ಅಯ್ಯನವರ ಕೈಗೆ ಚೀಟಿ ಕೊಟ್ಟು, "ಪ್ರಕಟಣೆ ಟೈಮಲ್ಲಿ ಇದನ್ನ ಓದ್ಬಿಡಿ ಅಯ್ಯನವ್ರೇ, ಲೈಬ್ರರಿದು" ಅಂದೆ. ಅವರ ತಲೆ ನಿಲುವಂಗಿಯೊಳಗಿತ್ತು. ಒಳಗಿನಿಂದಲೇ "ಆಗ್ಲಮ್ಮ" ಅಂದರು.

ಚೀಟಿ ಹೋಗಿ ಸೇರಿದ್ದು ಪ್ರಾರ್ಥನಾ ವಿಜ್ಞಾಪನೆಗಳ ಜೊತೆಗೆ. ನಮ್ಮಲ್ಲಿ ಕಾಯಿಲೆ ಬಿದ್ದವರ ಹೆಸರನ್ನು ಮನೆಯವರು ಹೀಗೇ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಹೆಸರು, ಎಷ್ಟು ದಿನದಿಂದ ಅನ್ನೋದು. ಅಷ್ಟೇ.

"ಕರ್ತನೇ, ಐದು ತಿಂಗಳಿಂದ ಯಾರಿಗೂ ಹೇಳಿಕೊಳ್ಳದೆ ಬಾಧೆಪಡುತ್ತಿರುವ ನಿನ್ನ ದಾಸ ಡೇವಿಡ್ ಅವರನ್ನು ಮುಟ್ಟು" ಅಂತ ಅಯ್ಯನವರು ಶುರು ಮಾಡಿದರು.

ನಾನು ಕಣ್ಣು ತೆರೆದೆ. ಎರಡನೇ ಸಾಲಿನಲ್ಲಿ ಡೇವಿಡ್ ಸರ್ ಕೂಡ ತೆರೆದಿದ್ದರು. ಮೆಲ್ಲಗೆ ತಮ್ಮ ನಾಡಿ ಹಿಡಿದು ನೋಡಿಕೊಂಡರು. ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಲು ಶುರು ಮಾಡಿದ್ದರು. "ಐದ್ ತಿಂಗ್ಳಂತೆ! ನಂಗೊಂದ್ ಮಾತ್ ಹೇಳ್ಲಿಲ್ವಲ್ರೀ!"

ಅಯ್ಯನವರಿಗೆ ಇನ್ನೂ ಹುರುಪು ಬಂತು. "ಹನ್ನೊಂದು ತಿಂಗಳಿಂದ ನರಳುತ್ತಿರುವ ನಿನ್ನ ದಾಸಿ ಎಸ್ತರಮ್ಮ..." ಸಭೆಯೆಲ್ಲ ನಿಟ್ಟುಸಿರುಬಿಟ್ಟಿತು. ಎಸ್ತರಮ್ಮ ಆಂಟಿ ಅವತ್ತು ಬಂದಿರಲಿಲ್ಲ. ಬಂದಿಲ್ಲ ಅಂದಮೇಲೆ ಹಾಸಿಗೆ ಹಿಡಿದಿರಬೇಕು, ಅಲ್ಲವೇ?

ಆಗಲೇ ಎದ್ದು ನಿಂತು ಹೇಳಬೇಕಿತ್ತು. ಹೇಳಿದೆನಾ? ಇಲ್ಲ. ಪ್ರಾರ್ಥನೆ ಮಧ್ಯೆ ಹೇಗೆ ಬಾಯಿ ಹಾಕುವುದು? (ಇದು ನೆಪ ಅಂತ ನನಗೂ ಗೊತ್ತು.) ಆರಾಧನೆ ಮುಗಿದ ಮೇಲೆ ಡೇವಿಡ್ ಸರ್ ಸುತ್ತ ಜನವೋ ಜನ. ಗುಬ್ಬಿಯಲ್ಲಿ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ಮೂರೇ ಡೋಸು ಅಂತ ಒಬ್ಬರು ವಿಳಾಸ ಬರೆದುಕೊಟ್ಟರು. "ನಂಗೇನಾಗಿಲ್ಲ ಕಣ್ರೀ" ಅಂತ ಅವರು ಕೂಗಿದಷ್ಟೂ ಜನ ಮರುಗಿದರು. "ಪಾಪ, ಎಷ್ಟು ಧೈರ್ಯ ನೋಡಿ!"

ಮಧ್ಯಾಹ್ನ ಮಹಿಳಾ ಕೂಟದವರು ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಸದಾಶಿವನಗರದ ಎಸ್ತರಮ್ಮ ಆಂಟಿ ಮನೆಗೆ ಹೊರಟರು. ನಾನೂ ಮೆಂಬರ್. ಹೋಗದೆ ಇರಲಾಗುತ್ತದೆಯೇ? ಗೇಟಿನ ಹತ್ತಿರವೇ ನಿಂತು ಸಮಾಧಾನದ ಹಾಡು ಎತ್ತಿಕೊಂಡೆವು.

ಹಾಸಿಗೆ ಹಿಡಿದಿದ್ದ ಎಸ್ತರಮ್ಮ ಆಂಟಿ ಜಗುಲಿ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. "ಏನ್ರೇ, ಈ ವರ್ಷ ಕ್ಯಾರಲ್ಸ್ ಮಟಮಟ ಮಧ್ಯಾಹ್ನಾನೇ ಬಂದ್ಬುಡ್ತಾ?" ಅಂದರು. ಬೆಳಗ್ಗೆ ಗುಬ್ಬಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಹೋಳಿಗೆ ತಿಂದು ಬಂದಿದ್ದರಂತೆ.

ಇನ್ನು ಮುಚ್ಚಿಡಲು ಆಗಲಿಲ್ಲ. ಎಲ್ಲರೆದುರು ಬಾಯಿಬಿಟ್ಟೆ. ಮಹಿಳಾ ಕೂಟ ನನ್ನನ್ನು ನೋಡಿದ ನೋಟ ಇರಲಿ ಬಿಡಿ. ಎಸ್ತರಮ್ಮ ಆಂಟಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ಆ ನರ್ಸಮ್ಮನ ಪುಸ್ತಕಾನಾ? ಅದು ಇಲ್ಲೆಲ್ಲೈತೆ, ಕುಣಿಗಲ್‌ನಾಗೈತೆ ಕಣೇ!"

ಹಿಂದಿನ ಕಾಲದಲ್ಲಿ ಮಿಷನ್ ಆಸ್ಪತ್ರೆಯಲ್ಲಿದ್ದ ನರ್ಸೊಬ್ಬರ ಜೀವನ ಕಥೆ ಅದು. ಆಂಟಿಗೆ ಕಣ್ಣಿನ ಪೊರೆ, ಅಕ್ಷರ ಕಾಣುವುದಿಲ್ಲ. ಪಕ್ಕದ ಮನೆಯ ನಿವೃತ್ತ ಸ್ಕೂಲ್ ಮೇಡಂ ಪಾರ್ವತಮ್ಮ ದಿನಾ ಊಟವಾದ ಮೇಲೆ ಬಂದು ಅರ್ಧ ಗಂಟೆ ಓದಿ ಹೇಳುತ್ತಿದ್ದರಂತೆ. ಹಣೆ ತುಂಬ ವಿಭೂತಿ, ಕೈಯಲ್ಲಿ ನಮ್ಮ ಚರ್ಚಿನ ಸೀಲ್ ಇರುವ ಪುಸ್ತಕ. ನರ್ಸಮ್ಮ ಪ್ಲೇಗಿನ ರೋಗಿಗಳ ಮಧ್ಯೆ ಒಬ್ಬಳೇ ಉಳಿಯುವ ಭಾಗ ಬಂದಾಗ ಇಬ್ಬರೂ ಅತ್ತು, ಅವತ್ತು ಕಾಫಿಯನ್ನೂ ಕುಡಿಯಲಿಲ್ಲವಂತೆ. ಪಾರ್ವತಮ್ಮ ಯಡಿಯೂರಿಗೆ ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೋದಾಗ ಪುಸ್ತಕವನ್ನು ಅಲ್ಲಿನ ತಂಗಿಗೆ ಕೊಟ್ಟರು. ತಂಗಿ ಸೊಸೆಗೆ ಕೊಟ್ಟಳು. ಸೊಸೆ ಕುಣಿಗಲ್‌ನಲ್ಲಿ ನರ್ಸು. ಈಗ ಅಲ್ಲಿನ ನರ್ಸುಗಳು ಒಬ್ಬರಾದ ಮೇಲೊಬ್ಬರು ಓದುತ್ತಿದ್ದಾರಂತೆ.

"ಇನ್ನೂ ಮೂರ್ ಜನ ಕಾಯ್ಕೊಂಡವ್ರಂತೆ. ವಾಪಸ್ ಬೇಕೇ ಬೇಕಾ? ಹಂಗಾದ್ರೆ ಫೋನ್ ಮಾಡ್ಲಾ?"

"ಬೇಡ ಆಂಟಿ, ಓದ್ಲಿ ಬುಡಿ" ಅಂದೆ.

ಸುದ್ದಿ ಮುಟ್ಟಿದ್ದೇ ತಡ, ಸಂಜೆ ಡೇವಿಡ್ ಸರ್ ಚರ್ಚಿಗೆ ಬಂದು ತಾವು ಕೊಡಬೇಕಿದ್ದ ಪುಸ್ತಕವನ್ನು ನನ್ನ ಮುಂದಿನ ಮೇಜಿನ ಮೇಲೆ ಕುಕ್ಕಿದರು. ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಗಂಜಿ ಮಾತ್ರ ಹಾಕಿದರಂತೆ. ಪುಸ್ತಕ ಹೊಸದರ ಹಾಗೆ ಫಳಫಳ ಅನ್ನುತ್ತಿತ್ತು. ತೆರೆದು ನೋಡಿದೆ. ಪ್ರೆಸ್ಸಿನಲ್ಲಿ ಸರಿಯಾಗಿ ಕತ್ತರಿಸದ ಹಾಳೆಗಳು ಹನ್ನೆರಡನೇ ಪುಟದಿಂದ ಅಂಟಿಕೊಂಡೇ ಇದ್ದವು. ಆಮೇಲೆ ಬೀರುವಿನಲ್ಲಿ ಅಚ್ಚುಕಟ್ಟಾಗಿ ನಿಂತಿದ್ದ ಬೇರೆ ಪುಸ್ತಕಗಳನ್ನೂ ಒಂದೊಂದಾಗಿ ಮೂಸಿದೆ. ಯಾರೂ ತೆರೆದು ಓದಿದ ಗುರುತಿಲ್ಲ, ಎಲ್ಲದರಲ್ಲೂ ಬರೀ ನುಸಿಗುಳಿಗೆಯ ವಾಸನೆ. ಇವುಗಳನ್ನೇ ನಾನು ಇಷ್ಟು ದಿನ ಬೀಗ ಹಾಕಿ ಕಾದಿದ್ದೆ! ನನ್ನ ಮೇಲೆ ನನಗೇ ಸಿಟ್ಟು ಬಂತು.

ಮುಂದಿನ ಭಾನುವಾರ ಕಮಿಟಿ ಸೇರಿತು. ಅಯ್ಯನವರ ಮುಂದೆ ತಪ್ಪು ಒಪ್ಪಿಕೊಂಡೆ. ಅವರು "ಪ್ರಾರ್ಥನೆ ಏನೂ ವ್ಯರ್ಥ ಹೋಗಲ್ಲಮ್ಮ" ಅಂದರು. ಡೇವಿಡ್ ಸರ್ ಗೆದ್ದ ಮುಖದಲ್ಲಿ, "ಬೀರು ತುಂಬ್ತಾ?" ಅಂತ ಕೇಳಿದರು.

"ಇಲ್ಲ ಸರ್. ಬೀರು ನೀವೇ ತಗೊಳ್ಳಿ" ಅಂದೆ.

ಅವರು ಜಗಳಕ್ಕೆ ತಯಾರಾಗಿ ಬಂದಿದ್ದರು. ನಾನು ಬ್ಯಾಗಿನಿಂದ ಬೀಗದ ಕೈ ತೆಗೆದು ಅವರ ಕೈಗಿಟ್ಟೆ.

ಈಗ ತಟ್ಟೆಗಳು ಬೀರುವಿನೊಳಗೆ ಭದ್ರವಾಗಿವೆ. ಪುಸ್ತಕಗಳು ಚರ್ಚಿನ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದ ಪಕ್ಕದ ಮೇಜಿನ ಮೇಲಿವೆ. ಬೀಗವಿಲ್ಲ, ರಿಜಿಸ್ಟರ್ ಇಲ್ಲ. ಹೋದ ವಾರ ಮೇಜಿನ ಮೇಲೆ ಅಲ್ಲಲ್ಲಿ ಜಾಗ ಖಾಲಿಯಾಗಿತ್ತು. ಎರಡು ಪುಸ್ತಕವನ್ನು ಪಾರ್ವತಮ್ಮ ಮೇಡಮ್ಮೇ ಬಂದು ಎತ್ತಿಕೊಂಡು ಹೋದರು.

ಅಂದಹಾಗೆ, ಯಾರಿಂದಲೋ ತಂದು ಇನ್ನೂ ಹಿಂದಿರುಗಿಸದ ಪುಸ್ತಕ ನಿಮ್ಮ ಮನೆಯಲ್ಲಿ ಒಂದಾದರೂ ಇದೆಯೇ? ಇಲ್ಲ ಅನ್ನುವುದಾದರೆ ಅದೂ ಒಂದು ಕಾಯಿಲೆಯೇ. ಹೇಳಿ, ಈ ಭಾನುವಾರ ನಿಮ್ಮ ಹೆಸರನ್ನೇ ಪ್ರಾರ್ಥನೆಗೆ ಕೊಡುತ್ತೇನೆ.