ಹತ್ತಿ ಹೊಲ ಬಿಟ್ಟ ಅವ್ವ

ಅಣ್ಣನಿಗೆ ನೌಕರಿ ಸಿಕ್ಕ ಮೇಲೆ ಅವ್ವ ಸುಖವಾಗಿ ಕುಂತು ಉಂಡಳು ಎಂದು ನವಲಗುಂದದ ಕಡೆಯ ನಮ್ಮ ಬಂಧುಗಳು ಈಗಲೂ ಹೇಳುತ್ತಾರೆ. ಕುಂತಳು, ಒಪ್ಪಿದೆ. ಉಂಡಳು, ಅದನ್ನೂ ಒಪ್ಪಿದೆ. ಸುಖವಾಗಿ ಎಂಬುದಕ್ಕೆ ಸಾಕ್ಷಿ ಯಾರು?

ಎಂಬತ್ತರ ದಶಕದ ನಡುವಿನ ಮಾತು. ಅಣ್ಣ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ನಾನು ಧಾರವಾಡದಲ್ಲಿ ಓದುತ್ತ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದೆ. ಅವ್ವ ಮಾತ್ರ ಹಿಂದಿನಂತೆಯೇ ಹತ್ತಿ ತುಂಬಿಕೊಳ್ಳಲು ಸೆರಗನ್ನು ಸೊಂಟಕ್ಕೆ ಚೀಲದಂತೆ ಉಡಿ ಕಟ್ಟಿ, ಗೆಳತಿಯರ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಬಿಡಿಸಿದ್ದರಲ್ಲಿ ಒಂದು ಪಾಲು ಹತ್ತಿಯೇ ಕೂಲಿ. ಅದನ್ನು ಅಂಗಡಿಗೆ ಹಾಕಿ ಬಳೆಯೋ ಎಲೆ ಅಡಿಕೆಯೋ ತರುತ್ತಿದ್ದಳು. ಯಾರನ್ನೂ ಕೇಳುತ್ತಿರಲಿಲ್ಲ.

ಅಣ್ಣನಿಗೆ ಹೆಣ್ಣು ಕೊಡಲು ಬಂದವರು ಕೇಳಿದರು: "ಮನ್ಯಾಗಿನ ಹೆಣ್ಮಕ್ಕಳು ಮಂದಿ ಹೊಲಕ್ಕ ಹೋಗೂದಿಲ್ಲಲ್ರಿ?"

"ಇಲ್ರಿ, ಇಲ್ರಿ" ಅಂದುಬಿಟ್ಟ ಅಣ್ಣ.

ಮರುದಿನ ಗೆಳತಿಯರು ಕೂಗಿದಾಗ ಅವ್ವ ಉಡಿ ಕಟ್ಟಿ ಎದ್ದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತ. "ನಮ್ಮವ್ವ ಇನ್ನ ಬರೂದಿಲ್ರಿ."

"ಅಗದಿ ಸಾಹೇಬನ ಅವ್ವ ಆದಿ ಬಿಡ ಬೇ! ನಮ್ಮ ಗುರ್ತರ ಇಟ್ಕೋ" ಎಂದು ಒಬ್ಬಾಕೆ ನಕ್ಕಳು. ಅವ್ವನೂ ನಕ್ಕಳು, ಅವರು ಓಣಿ ತಿರುಗುವತನಕ.

ರಜೆಗೆ ಊರಿಗೆ ಬಂದಿದ್ದ ನನಗೆ ತಡೆಯಲಾಗಲಿಲ್ಲ. "ಬ್ಯಾಡಾಗಿದ್ರ ಆಕಿನೇ ಬಿಡ್ತಿದ್ಲು. ನೀ ಯಾಕ ಬಿಡಸ್ತಿ?"

"ಸೊಂಟ ಹಿಡ್ಕೊಂಡು ನರಳೂದು ನಿನಗ ಕೇಳ್ಸೂದಿಲ್ಲೇನು? ಮಗಾ ಪಗಾರ ತಂದರೂ ಅವ್ವ ಕೂಲಿಗೆ ಹೋದ್ರ ಮಂದಿ ನನ್ನ ಮಾರಿಗೆ ಉಗಳ್ತಾರ. ಕಪ್ ಗೆದ್ದಾಕಿ, ಹೇಳು ಇದಕ್ಕೇನಂತಿ?"

ಸೊಂಟನೋವು ಸುಳ್ಳಲ್ಲ. ಆದರೆ ಹೆಣ್ಣಿನ ಕಡೆಯವರು ಬರುವತನಕ ಆ ನೋವು ಅವನ ಕಿವಿಗೆ ಬಿದ್ದಿರಲಿಲ್ಲವಲ್ಲ!

ಮದುವೆಯಾಯಿತು. ಮನೆಗೆ ಕುರ್ಚಿ ಬಂತು, ದಿನಾ ಚಪಾತಿ ಬಂತು. ಸೊಂಟನೋವೂ ಕಡಿಮೆಯಾಯಿತು, ಅದನ್ನು ಮುಚ್ಚಿಡಲಾರೆ. "ಏನ್ ಬೇಕು ಕೇಳವಾ" ಎಂದು ಅಣ್ಣ ಪಗಾರದ ದಿನ ತಪ್ಪದೆ ಹೇಳುತ್ತಿದ್ದ. ಅವ್ವ ಎಂದೂ ಕೇಳಲಿಲ್ಲ. ಒಡೆದ ಬಳೆಯ ಜಾಗದಲ್ಲಿ ಹೊಸ ಬಳೆ ಬರಲಿಲ್ಲ. ಸುಗ್ಗಿಯಲ್ಲಿ ಮಾತ್ರ ಮುಂಜಾನೆ ಉಡಿ ಕಟ್ಟಿಕೊಂಡು ಗೋಡೆಗಾತು ನಿಲ್ಲುತ್ತಿದ್ದಳು. ಹೊರಗೆ ಗೆಳತಿಯರ ಮಾತು, ಕೇಕೆ ದಾಟಿಹೋದ ಮೇಲೆ ಉಡಿ ಬಿಚ್ಚಿ ಒಲೆಯ ಮುಂದೆ ಕೂಡುತ್ತಿದ್ದಳು. ಈಗ ಅವರು ಅವಳನ್ನು ಕೂಗುತ್ತಿರಲಿಲ್ಲ.

ಒಂದು ಸಲ ಬೀಗರೆಲ್ಲ ಕೂತಿದ್ದಾಗ ಅಣ್ಣ ಎದೆಯುಬ್ಬಿಸಿ ಹೇಳಿದ: "ನಮ್ಮವ್ವನ್ನ ರಾಣಿ ಇಟ್ಟಂಗ ಇಟ್ಟೀನ್ರಿ."

ಬೀಗರ ಮುಂದೆಯೇ ಕೇಳಿದೆ: "ಅಣ್ಣಾ, ಹಂಗಾರ ನಿನ್ನ ರಾಣಿ ಮುಂಜಾನೆದ್ದು ಉಡಿ ಕಟ್ಟಿ ಯಾರ ದಾರಿ ಕಾಯ್ತಾಳ?"