ಬೇವಿನ ಮರದ ಬುಡದಲ್ಲಿ ಚಪ್ಪಲಿ

ಶಿಕ್ಷಕರ ತರಬೇತಿ ಎಂದರೆ ನನಗೆ ಮೊದಲಿನಿಂದಲೂ ತಲೆನೋವು. ನಿವೃತ್ತಿ ಹತ್ತಿರ ಬಂದ ಕಾಲಕ್ಕೆ ಮತ್ತೊಂದು ತರಬೇತಿಗೆ ವಿಜಯಪುರಕ್ಕೆ ಬನ್ನಿ ಎಂದಾಗ ಸಿಟ್ಟು ಬಂತು. ಜಗತ್ತಿನ ದೇಶಗಳೆಲ್ಲ ಸೇರಿ ಒಪ್ಪಿಕೊಂಡ ಶಿಕ್ಷಣ ನೀತಿಯ ಬಗ್ಗೆ ಹೇಳುತ್ತಾರಂತೆ. ಮನುಷ್ಯ ಸಾಯುವವರೆಗೂ ಕಲಿಯುತ್ತಲೇ ಇರಬೇಕು ಎಂದು ಬೆಳಿಗ್ಗೆ ಹೇಳಿದರು. ನಾನು ಸೆರಗು ಅಡ್ಡ ಹಿಡಿದು ಆಕಳಿಸಿದೆ. ಮಧ್ಯಾಹ್ನ ಶಾಲೆಯ ಸುರಕ್ಷತೆಯ ಪಾಳಿ. ಗೋಡೆಯ ಮೇಲೆ ಒಂದು ವಿಡಿಯೊ ಹಾಕಿದರು. ಯಾವುದೋ ದೂರದ ದೇಶದ ಮಕ್ಕಳು, ಗಂಟೆ ಬಾರಿಸಿದ ಕೂಡಲೇ ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟು ಸಾಲಾಗಿ ಹೊರಗೆ ಬಂದು ಬಯಲಲ್ಲಿ ನಿಂತರು. ಅದನ್ನು ನೋಡಿ ನನ್ನ ನಿದ್ದೆ ಹಾರಿತು.

ಯಾಕೆಂದರೆ ನಮ್ಮ ಶಾಲೆಯ ಮಾಳಿಗೆ ಆಗಲೇ ನನ್ನ ಎದೆಯ ಮೇಲೆ ಕೂತಿತ್ತು. ತಿಕೋಟಾ ದಾಟಿದ ಮೇಲೆ ದ್ರಾಕ್ಷಿ ತೋಟಗಳ ನಡುವೆ ಹತ್ತಾರು ಮನೆಗಳ ಒಂದು ವಸ್ತಿ, ಆ ವಸ್ತಿಗೆ ಒಂದೇ ಕೋಣೆಯ ಶಾಲೆ, ಆ ಕೋಣೆಗೆ ಬಿರುಕು ಬಿಟ್ಟ ಹಳೆಯ ಸ್ಲ್ಯಾಬಿನ ಮಾಳಿಗೆ. ಹೊಸ ಕೋಣೆ ಮಂಜೂರಾಗಿತ್ತು, ಪಾಯ ಮಾತ್ರ ಇನ್ನೂ ತೋಡಿರಲಿಲ್ಲ. ಬಿಸಿಲಿದ್ದಾಗ ಮಕ್ಕಳನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸುತ್ತಿದ್ದೆ. ಮಳೆ ಬಂದರೆ ಒಳಗೆ ಹೋಗದೆ ಗತಿಯಿರಲಿಲ್ಲ. ಏನಾದರೂ ಆದರೆ ಈ ಮಕ್ಕಳನ್ನೆಲ್ಲ ಒಂದು ಬಾಗಿಲಿನಿಂದ ಹೇಗೆ ಹೊರಗೆ ತರಲಿ? ಇದೇ ಚಿಂತೆ.

ಮರುದಿನವೇ ಅಭ್ಯಾಸ ಮಾಡಿಸಿದೆ. ಸೀಟಿ ಊದಿದರೆ ಎಲ್ಲ ಬಿಟ್ಟು ಮರದ ಕಡೆಗೆ ಓಡಬೇಕು ಎಂದು ಹೇಳಿ ಊದಿದೆ. ಮಕ್ಕಳು ಓಡಿದರು, ಬಾಗಿಲಲ್ಲಿ ಗಕ್ಕನೆ ನಿಂತರು. ಹಿಂದಿನವರು ಮುಂದಿನವರ ಮೇಲೆ ಬಿದ್ದರು. ನೋಡಿದರೆ ಎಲ್ಲರೂ ಬಗ್ಗಿ ಹೊಸ್ತಿಲಾಚೆ ಬಿಟ್ಟ ಚಪ್ಪಲಿ ಹುಡುಕುತ್ತಿದ್ದಾರೆ! ಮೂರನೇ ತರಗತಿಯ ಒಬ್ಬ ಹುಡುಗಿಯಂತೂ ಬಾಗಿಲಿಗೇ ಅಡ್ಡ ಕೂತು ಅಳುತ್ತಿದ್ದಳು.

"ಒಂದ ಸಿಕ್ಕೈತ್ರಿ ಅಕ್ಕಾರ, ಇನ್ನೊಂದ ಸಿಗವಲ್ದು."

"ಮಾಳಿಗಿ ತಲಿ ಮ್ಯಾಲ ಬಿದ್ರ ಚಪ್ಪಲ್ ತಗೊಂಡ ಏನ್ ಮಾಡ್ತಿ ಬೇ?" ಎಂದು ಗದರಿದೆ.

"ಬಿಟ್ಟ ಹೋದ್ರ ನಮ್ಮವ್ವ ಬಡಿತಾಳ್ರಿ. ಗಾಂಧಿ ಚೌಕದ ಪ್ಯಾಟ್ಯಾಗ ತಂದಾಳ್ರಿ, ಹೊಸಾವು."

ಆ ದೂರದ ದೇಶದ ಮಕ್ಕಳು ಬೂಟು ಹಾಕಿಕೊಂಡೇ ಪಾಠಕ್ಕೆ ಕೂತಿದ್ದರು ಎನ್ನುವುದು ಆಗ ಹೊಳೆಯಿತು. ಸರಿ, ನೀವೂ ಚಪ್ಪಲಿ ಹಾಕಿಕೊಂಡೇ ಒಳಗೆ ಕೂರಿ ಎಂದೆ. ಯಾರೂ ಕೂರಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಕ್ಕಳು ಅವು, ಶಾಲೆಯೊಳಗೆ ಚಪ್ಪಲಿ ತರುತ್ತವೆಯೇ? ನಿಜ ಹೇಳಬೇಕೆಂದರೆ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡಲು ನನಗೂ ಆಗಲಿಲ್ಲ. ಕಡೆಗೆ, ಚಪ್ಪಲಿಯನ್ನು ಬಾಗಿಲಲ್ಲಿ ಬಿಡುವುದೇ ಬೇಡ, ಓಡಿ ಹೋಗಿ ನಿಲ್ಲುವ ಮರದ ಬುಡದಲ್ಲೇ ಬಿಡೋಣ ಎಂದು ತೀರ್ಮಾನಿಸಿದೆ.

ಪಾಲಕರ ಸಭೆಯಲ್ಲಿ ಆ ಹುಡುಗಿಯ ತಾಯಿ ಎದ್ದು ನಿಂತಳು. ಶಾಲೆಯ ಎದುರಿನ ದ್ರಾಕ್ಷಿ ತೋಟದಲ್ಲೇ ಅವಳ ಕೆಲಸ, ಬಾಯಿ ಸ್ವಲ್ಪ ಜೋರು.

"ಮರದ ಬುಡಕ ಬಿಟ್ರ ಮಳ್ಯಾಗ ತೊಯ್ತಾವ, ನಾಯಿ ಒಯ್ತಾವ. ಚಪ್ಪಲ್ ಪುಗಸಟ್ಟೆ ಬರ್ತಾವೇನ್ರಿ ಅಕ್ಕಾರ?"

ನನಗೆ ರೇಗಿತು. "ನಾಯಿ ಒಯ್ದ್ರ ನನ್ನ ಕೇಳು. ಮಾಳಿಗಿ ಬಿದ್ರ ಯಾರನ್ನ ಕೇಳ್ತಿ?"

ಅವಳು ಮೂತಿ ತಿರುವಿ ಕೂತಳು. ಚಪ್ಪಲಿಗಳು ಮಾತ್ರ ಮರದ ಬುಡಕ್ಕೇ ಹೋದವು. ನಾವು ಶನಿವಾರ ಶನಿವಾರ ಸೀಟಿ ಊದಿ ಓಡುವುದನ್ನು ಬಿಡಲಿಲ್ಲ.

ಹಿಂಗಾರಿ ಮಳೆ ಜಿಟಿಜಿಟಿ ಹಿಡಿದಿದ್ದ ಒಂದು ಮಧ್ಯಾಹ್ನ. ಮಕ್ಕಳು ಮಗ್ಗಿ ಹೇಳುತ್ತಿದ್ದರು. ನನ್ನ ಟೇಬಲ್ಲಿನ ಮೇಲೆ ಸಿಮೆಂಟಿನ ಹೆಂಟೆಯೊಂದು ಬಿತ್ತು. ತಲೆಯೆತ್ತಿದರೆ ಬಿರುಕು ಕಣ್ಣೆದುರಿಗೇ ಅಗಲವಾಗುತ್ತಿದೆ. ಕೊರಳಲ್ಲಿದ್ದ ಸೀಟಿ ಊದಿದೆ. ಮಗ್ಗಿ ನಿಂತಿತು, ಮಕ್ಕಳು ಎದ್ದರು. ಆ ಹುಡುಗಿ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು ರೂಢಿಯಂತೆ ಕೆಳಗೆ ನೋಡಿದಳು. ಅಲ್ಲಿ ಹುಡುಕುವುದಕ್ಕೆ ಏನೂ ಇರಲಿಲ್ಲ. ಓಡಿದಳು. ಅವಳ ಹಿಂದೆ ಉಳಿದವರು, ಅವರ ಹಿಂದೆ ನಾನು. ಅಂಗಳದ ನಡುವೆ ಇದ್ದಾಗ ಬೆನ್ನ ಹಿಂದೆ ಧಡ್ ಎಂದಿತು. ಬಾಗಿಲು ಕಿಟಕಿಗಳಿಂದ ದೂಳು ಹೊರಗೆ ನುಗ್ಗಿತು.

ಮರದ ಕೆಳಗೆ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. ನಂಬಿಕೆ ಬರದೆ ಮತ್ತೆ ಎಣಿಸಿದೆ. ಎಲ್ಲರೂ ಇದ್ದರು. ಒಬ್ಬರ ಮೈಮೇಲೂ ಗೀರು ಇರಲಿಲ್ಲ. ಕೆಸರಿನಲ್ಲೇ ಕೂತುಬಿಟ್ಟೆ. ಅಳು ಬಂತು, ಜೊತೆಗೇ ನಗುವೂ ಬಂತು. ಮಕ್ಕಳು ನನ್ನನ್ನೇ ನೋಡುತ್ತ ತಮ್ಮ ತಮ್ಮ ಚಪ್ಪಲಿ ಹಾಕಿಕೊಂಡರು.

ಸದ್ದು ಕೇಳಿ ತೋಟಗಳಿಂದ ಜನ ಓಡಿ ಬಂದರು. ಎಲ್ಲರಿಗಿಂತ ಮುಂದೆ ಆ ತಾಯಿ, ತಲೆಯ ಮೇಲೆ ಸೆರಗಿಲ್ಲ, ಕೈಯಲ್ಲಿ ಬಳ್ಳಿ ಕತ್ತರಿಸುವ ಕತ್ತರಿ ಇನ್ನೂ ಹಾಗೇ ಇತ್ತು. ಅದನ್ನು ಬಿಸಾಕಿ ಮಗಳನ್ನು ಬಾಚಿ ಎದೆಗೆ ಅವುಚಿಕೊಂಡಳು. ಉಸಿರಾಡಲಿಕ್ಕೂ ಬಿಡದ ಹಾಗೆ ಹಿಡಿದಿದ್ದಳು. ಹುಡುಗಿ ಹೇಗೋ ಮುಖ ಬಿಡಿಸಿಕೊಂಡು ಅವ್ವನ ಬರಿಗಾಲು ನೋಡಿದಳು. ಎರೆ ಮಣ್ಣು ಅಂಟುತ್ತದೆಂದು ತೋಟದ ಕೆಲಸದ ಹೆಂಗಸರೆಲ್ಲ ಚಪ್ಪಲಿಯನ್ನು ತೋಟದ ಬದುವಿನ ಮೇಲೆ ಬಿಟ್ಟೇ ಕೆಲಸಕ್ಕೆ ಇಳಿಯುತ್ತಾರೆ. ನಡುವಿನ ದಾರಿ ತುಂಬ ಜಾಲಿ ಮುಳ್ಳು. ತಾಯಿಯ ಹಿಮ್ಮಡಿಯಿಂದ ರಕ್ತ ಇಳಿಯುತ್ತಿತ್ತು.

"ಯವ್ವಾ, ನಿನ್ನ ಚಪ್ಪಲ್ ಎಲ್ಲದಾವ?" ಎಂದಳು ಹುಡುಗಿ.

ತಾಯಿ ತನ್ನ ಕಾಲು ನೋಡಿಕೊಂಡಳು, ನನ್ನನ್ನು ನೋಡಿದಳು.

"ಸುಡ್ಲಿ ಬಿಡ ಬೇ ಚಪ್ಪಲ್," ಎಂದು ಮಗಳನ್ನು ಮತ್ತೆ ಅವುಚಿಕೊಂಡಳು.