ಕೋಡಿಯಿಲ್ಲದ ಸರೋವರ

ನಂಗಲಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ ಮುನಿಯಲ್ಲಪ್ಪ ನೀರಗಂಟಿ. ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ಕೆರೆ ನೀರು ಬಿಡುವುದು, ಇಳಿಸುವುದು, ಏರಿಯಲ್ಲಿ ಹೆಗ್ಗಣದ ಬಿಲ ಕಂಡರೆ ಮುಚ್ಚುವುದು ಅಪ್ಪನಿಂದ ಬಂದ ಕೆಲಸ. ಕೊಳವೆಬಾವಿಗಳು ಬಂದ ಮೇಲೆ ಅದಕ್ಕೆ ಬೆಲೆ ತಗ್ಗಿತ್ತು. ಆದರೂ ಒಂದು ಮರ್ಯಾದೆ ಉಳಿದಿತ್ತು. ಕೆರೆ ತುಂಬಿ, ಹೆಚ್ಚಿನ ನೀರು ಏರಿಯ ತುದಿಯ ಕಲ್ಲುಕಟ್ಟೆ ದಾಟಿ ಕೆಳಗಿನ ಊರಿನ ಕೆರೆಗೆ ಹೊರಟ ದಿನ, ಅಂದರೆ ಕೋಡಿ ಹರಿದ ದಿನ, ಗಂಗಮ್ಮನಿಗೆ ಮೊದಲ ತೆಂಗಿನಕಾಯಿ ಒಡೆಯುವ ಹಕ್ಕು ನೀರಗಂಟಿಯದು. ಕೆರೆ ತುಂಬುವುದೇ ಅಪರೂಪವಾದ ಈ ಸೀಮೆಯಲ್ಲಿ ಮುನಿಯಲ್ಲಪ್ಪನ ಕೈಗೆ ಆ ಕಾಯಿ ಬಂದದ್ದು ಎರಡೇ ಸಲ.

ಈ ಮಳೆಗಾಲದಲ್ಲಿ ಕೆರೆ ಮತ್ತೆ ಕೋಡಿಯ ಅಂಚಿಗೆ ಬಂತು. ಅದೇ ಹೊತ್ತಿಗೆ ಅವನ ಷಡ್ಡಕ ಕದಿರೇಶನೂ ಊರಿಗೆ ಬಂದ.

ಕದಿರೇಶ ಮುನಿಯಲ್ಲಪ್ಪನ ನಾದಿನಿಯ ಗಂಡ. ಮಿಲಿಟರಿಯಲ್ಲಿ ಲಾರಿ ಓಡಿಸಿ ನಿವೃತ್ತನಾಗಿ, ಊರಿನಲ್ಲಿ ನೆಲೆಸಲು ಹಿಪ್ಪುನೇರಳೆ ತೋಟ ಹಾಕಿಸಿದ್ದ. ಕೊನೆಯ ವರ್ಷಗಳನ್ನು ಲಡಾಖಿನ ಪಾಂಗಾಂಗ್ ಸರೋವರದ ದಂಡೆಯಲ್ಲಿ ಕಳೆದಿದ್ದ. ಆಂಜಿಯ ಟೀ ಅಂಗಡಿಯ ಮುಂದೆ ಕೂತು ಅವನು ಬಾಯಿಬಿಟ್ಟರೆ, ಅದುವರೆಗೆ ಕೆರೆಯ ಸುದ್ದಿಗೆ ಮುನಿಯಲ್ಲಪ್ಪನ ಮುಖ ನೋಡುತ್ತಿದ್ದ ಜನ ಅತ್ತ ತಿರುಗಿಬಿಡುತ್ತಿದ್ದರು.

"ಹದಿನಾಲ್ಕು ಸಾವಿರ ಅಡಿ ಮೇಲೆ ಕಣಪ್ಪ. ನಮ್ಮ ಅಂತರಗಂಗೆ ಬೆಟ್ಟಾನ ಮೂರು ಸಲ ಒಂದರ ಮೇಲೊಂದು ಇಟ್ರೂ ಎಟಕಲ್ಲ. ಉದ್ದ ಎಷ್ಟು ಗೊತ್ತಾ? ಇಲ್ಲಿ ಮುಳಬಾಗಿಲಲ್ಲಿ ಶುರುವಾದ್ರೆ ಬೆಂಗಳೂರು ದಾಟಿ ಬಿಡದಿ ತನಕ. ಮೂರರಲ್ಲಿ ಒಂದು ಪಾಲು ನಮ್ಮ ಕಡೆ, ಉಳಿದದ್ದು ಟಿಬೆಟ್ಟಿನ ಕಡೆ. ಬೆಳಗ್ಗೆ ನೀಲಿ, ಮಧ್ಯಾಹ್ನ ಹಸಿರು. ಚಳಿಗಾಲ ಬಂದ್ರೆ ಇಡೀ ನೀರು ಕಲ್ಲು."

"ಮೀನು?" ಆಂಜಿ ಕೇಳಿದ.

"ಇಲ್ಲ. ಉಪ್ಪುನೀರು."

ಮುನಿಯಲ್ಲಪ್ಪನಿಗೆ ಇದು ಸಿಕ್ಕಿತು. ಬೆಟ್ಟದ ಮೇಲೆ, ಮಂಜು ಕರಗಿ ಬಂದ ನೀರು ಉಪ್ಪೆ? ಸುಳ್ಳು ಕೈಗೆ ಸಿಕ್ಕಿದ ಖುಷಿಯಲ್ಲಿ ಲೋಟ ಕೆಳಗಿಟ್ಟ.

"ಏನಯ್ಯಾ ಕದಿರೇಶ, ಅಷ್ಟು ದೊಡ್ಡ ಕೆರೇಗೆ ಕೋಡಿ ಯಾವ ಕಡೆಗೈತೆ?"

"ಕೋಡೀನೇ ಇಲ್ಲ ಅಣ್ಣ."

"ಕೋಡಿ ಇಲ್ಲದ್ದು ಕೆರೆ ಹೆಂಗಾಗ್ತದಯ್ಯಾ!" ಅಂಗಡಿಯೇ ನಕ್ಕಿತು.

ಕದಿರೇಶನೂ ನಕ್ಕ. "ಸರಿಯಾಗಿ ಕೇಳ್ದೆ ನೋಡಣ್ಣ. ಹಿಂದೆ ಇತ್ತಂತೆ, ಪಡುವಣ ಕಡೆಗೆ. ಅಲ್ಲಿಂದ ಹರಿದು ಶ್ಯೋಕ್ ನದಿ, ಆಮೇಲೆ ಸಿಂಧೂ. ಸಾವಿರಾರು ವರ್ಷದ ಕೆಳಗೆ ಪಕ್ಕದ ಕಣಿವೆಯಿಂದ ಕಲ್ಲುಮಣ್ಣು ಬಂದು ಬಾಯಿ ಕಟ್ಕೊಂಡ್ತು. ಹಳೇ ನೀರಿನ ಮಟ್ಟದ ಗೆರೆ ಇವತ್ತಿಗೂ ಗುಡ್ಡದ ಮೇಲೆ ಎತ್ತರದಲ್ಲಿ ಕಾಣ್ತದೆ. ಈಗ ನೀರು ಬರ್ತದೆ, ಹೋಗಾಕೆ ದಾರಿಯಿಲ್ಲ. ಬಿಸಿಲಿಗೆ ಆರೋದು ನೀರು ಮಾತ್ರ. ಉಪ್ಪು ಅಲ್ಲೇ ಕೂತ್ಕೊಳ್ತದೆ."

ಅರ್ಥವಾಗದಿದ್ದರೆ ಚೆನ್ನಾಗಿತ್ತು. ಅಲ್ಲಿದ್ದ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ, ಮುನಿಯಲ್ಲಪ್ಪನಿಗೇ ಅರ್ಥವಾಯಿತು. ಇನ್ನೂ ಕೇಳಬೇಕು ಅನ್ನಿಸಿತು. ಅದಕ್ಕೇ ಹೊಟ್ಟೆ ಮತ್ತಷ್ಟು ಉರಿಯಿತು.

ಊರಿನ ಹಿರಿಯ ಕೋದಂಡರಾಮಪ್ಪ ತಲೆದೂಗಿದರು. "ಎಂಥಾ ನೀರು ಕಂಡು ಬಂದವ್ನೆ! ಈ ಸಲ ಕೋಡಿ ಹರಿದ್ರೆ ಮೊದಲ ಕಾಯಿ ಕದಿರೇಶನ ಕೈಲೇ ಒಡೆಸೋಣ. ಏನಂತೀಯ ಮುನಿಯಲ್ಲಪ್ಪ?"

"ಒಡೀಲಿ ಬಿಡಿ," ಅಂದ ಮುನಿಯಲ್ಲಪ್ಪ. ಆ ಎರಡು ಪದ ಹೊರಗೆ ತರಲು ಅವನು ಪಟ್ಟ ಕಷ್ಟ ಯಾರಿಗೂ ಕಾಣಲಿಲ್ಲ.

ಮರುದಿನ ಬೆಳಗ್ಗೆ ನೀರು ಕೋಡಿಗೆ ನಾಲ್ಕು ಬೆರಳು ಕಡಿಮೆಯಿತ್ತು. ಮುನಿಯಲ್ಲಪ್ಪ ಏರಿಯ ಮೇಲೆ ನಡೆದು ಹೋಗಿ, ಯಾರೂ ಕೇಳದಿದ್ದರೂ ತೂಬು ಎತ್ತಿದ. ನೀರು ಗದ್ದೆ ಕಾಲುವೆಗೆ ಬುಳುಬುಳು ಹೊರಟಿತು. ಕೋಡಿಯೇ ಹರಿಯದಿದ್ದರೆ ಕಾಯಿ ಯಾರ ಕೈಯಲ್ಲಿದ್ದರೇನು? ಅವನ ಅಪ್ಪನಾಗಲಿ ತಾತನಾಗಲಿ ಕೆರೆ ತುಂಬುವ ಹೊತ್ತಿನಲ್ಲಿ ತೂಬು ಮುಟ್ಟಿದವರಲ್ಲ.

ಎರಡು ದಿನಕ್ಕೆ ನೀರು ಗೇಣುದ್ದ ಇಳಿಯಿತು. ಕೋಡಿಯ ಕಲ್ಲಿನ ಮೇಲೆ ಹಸಿ ಗೆರೆ ಮಾತ್ರ ಉಳಿಯಿತು. ಕೋದಂಡರಾಮಪ್ಪ ಜನರನ್ನು ಕಟ್ಟಿಕೊಂಡು ಏರಿಗೆ ಬಂದರು.

"ಎಲ್ಲೋಯ್ತಯ್ಯಾ ನೀರು? ತೂಬು ಎತ್ತಿದೋರು ಯಾರು?"

ಕದಿರೇಶ ಕೋಡಿಯ ಕಲ್ಲು ನೋಡಿದ, ಷಡ್ಡಕನ ಮುಖ ನೋಡಿದ.

"ತಪ್ಪು ನಂದೇ. ನನ್ನ ಹೊಸ ಹಿಪ್ಪುನೇರಳೆ ತೋಟಕ್ಕೆ ನೀರು ಬಿಡಣ್ಣ ಅಂತ ನಾನೇ ಕೇಳ್ದೆ. ಅಣ್ಣ ಬೇಡ ಅಂತಾನೇ ಇದ್ದ."

"ಕೋಡಿ ಹರಿಯೋ ಹೊತ್ತಲ್ಲಿ ತೋಟಕ್ಕೆ ನೀರಾ? ಲೇ, ಲಡಾಖ್ ನೋಡಿ ತಲೆ ಕೆಟ್ಟೈತೇನ್ಲಾ ನಿಂಗೆ?" ಕೋದಂಡರಾಮಪ್ಪ ಬಾಯಿಗೆ ಬಂದಂತೆ ಬೈದರು. "ನಿಂಗೆ ಕಾಯೂ ಇಲ್ಲ, ಕರ್ಪೂರಾನೂ ಇಲ್ಲ. ನೀರಗಂಟೀನೇ ಒಡೀಲಿ."

ಮುನಿಯಲ್ಲಪ್ಪ ತೂಬು ಇಳಿಸಿ ಮನೆಗೆ ಬಂದ. ಬೇಕಾದದ್ದು ಸಿಕ್ಕಿತ್ತು, ಆದರೆ ಮುದ್ದೆ ರುಚಿಸಲಿಲ್ಲ. ಹೆಂಡತಿ ಮುನಿಗಂಗಮ್ಮ ಸಾರು ಬಡಿಸುತ್ತಾ ಕೇಳಿದಳು.

"ಕದಿರೇಶನ ತೋಟ ಕೆರೆಗಿಂತ ಮೇಲಲ್ವಾ? ತೂಬಿನ ನೀರು ಅಲ್ಲಿಗೆ ಹೆಂಗೆ ಹತ್ತುತ್ತೆ?"

ಅವನು ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಲೇ ಇದ್ದ.

"ಸಿಟ್ಟಲ್ಲಿ ಊರಿಗೆ ಹೊಳೆದಿಲ್ಲ. ಪುಣ್ಯ ನಿಮ್ದು," ಅಂದಳು ಅವಳು.

ತನ್ನ ಮಾನ ಉಳಿಸಿದವನೂ ಕದಿರೇಶನೇ. ಇಷ್ಟು ದೊಡ್ಡತನವನ್ನಾದರೂ ಆ ಮನುಷ್ಯ ಬೇರೆ ಯಾರಿಗಾದರೂ ಬಿಡಬಾರದಿತ್ತೆ?

ವಾರದೊಳಗೆ ಒಳ್ಳೆಯ ಮಳೆ ಬಂತು. ಕೋಡಿ ಹರಿಯಿತು. ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದರು, ತಮಟೆ ಬಂತು. ಕದಿರೇಶ ಹಿಂದೆ, ಹುಣಸೆಮರದ ಕೆಳಗೆ ನಿಂತಿದ್ದ. ಕೋದಂಡರಾಮಪ್ಪ ಮುನಿಯಲ್ಲಪ್ಪನ ಕೈಗೆ ಕಾಯಿ ಕೊಟ್ಟರು.

ಅವನು ಅದನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ ಜನರ ನಡುವೆ ಹಾದು ಮರದ ಹತ್ತಿರ ಹೋದ.

"ತೂಬು ಎತ್ತಿದೋನು ನಾನು," ಅಂದ, ಎಲ್ಲರಿಗೂ ಕೇಳುವಂತೆ. "ಇವನು ಕೇಳಿರ್ಲಿಲ್ಲ. ತಗೋ, ನೀನೇ ಒಡಿ."

ತಮಟೆ ನಿಂತುಹೋಯಿತು. ಕದಿರೇಶ, "ಬೇಡಣ್ಣ," ಅಂದ.

"ಒಡಿಯಯ್ಯಾ ಅಂದ್ರೆ! ನೀರು ಕಾಯ್ತಾ ಕೂತಿರ್ತದಾ?"

ಕದಿರೇಶ ಕೋಡಿಯ ಕಲ್ಲಿಗೆ ಕಾಯಿ ಕುಟ್ಟಿದ. ಒಂದೇ ಏಟಿಗೆ ಸಮನಾದ ಎರಡು ಹೋಳು. ಮುನಿಯಲ್ಲಪ್ಪ ಒಡೆದ ಎರಡು ಕಾಯಿಗಳೂ ಸೊಟ್ಟಗೆ ಒಡೆದಿದ್ದವು. ಅವನಿಗೆ ಅದಕ್ಕೂ ಹೊಟ್ಟೆ ಉರಿಯಿತು.